ಸೀಬೆಮರದ ಕರಿ ಕಾಲುಚೀಲ

ಆರ್.ಕೆ.ಪುರಂ, ನವದೆಹಲಿ
12 ಫೆಬ್ರವರಿ 2008, ಮಂಗಳವಾರ

ಪ್ರೀತಿಯ ದೊಡ್ಡಮ್ಮ,

ನಾನು ಚೆನ್ನಾಗಿದ್ದೇನೆ. ಹಿಮ್ಮಡಿ ಒಡೆದಿದೆ, ಮೂಗು ಸೋರುತ್ತಿದೆ, ಅಷ್ಟೇ. ತುಮಕೂರಿನಲ್ಲಿ ನಿಮಗೆ ಈಗ ಸ್ವೆಟರ್ ಬೇಕಾಗಿರಲಾರದು. ಇಲ್ಲಿ ನಿನ್ನೆಯವರೆಗೂ ಬೆಳಿಗ್ಗೆ ಹತ್ತಾದರೂ ಮಂಜು ಕರಗುತ್ತಿರಲಿಲ್ಲ. ಇವತ್ತು ಮಾತ್ರ ಎಂಟಕ್ಕೆಲ್ಲ ಹಿತ್ತಲಿಗೆ ಬಿಸಿಲು ಬಂತು.

ನೀವು ಹೋದಮೇಲೆ ಮೂರು ಸಲ ಫೋನ್ ಮಾಡಿದಿರಿ. ಮೂರು ಸಲವೂ ನಾನು ‘ಊಟ ಆಯ್ತು’, ‘ಗ್ಯಾಸ್ ಬಂತು’, ‘ಹೂಂ’ ಎಂದಷ್ಟೇ ಹೇಳಿದೆ. ಮೂರನೆಯ ಸಲ ನೀವು, “ಏನೇ ಧಾರಿಣಿ, ಬಾಯಲ್ಲಿ ಅವಲಕ್ಕಿ ತುಂಬ್ಕೊಂಡಿದ್ದೀಯಾ?” ಎಂದು ಕೇಳಿದಿರಿ. ಅವಲಕ್ಕಿಯಲ್ಲ ದೊಡ್ಡಮ್ಮ, ಒಂದು ವಿಷಯ ಇತ್ತು. ನನ್ನ ಬಗ್ಗೆ ನಿಮಗೆ ಗೊತ್ತೇ ಇದೆ. ಎಂ.ಎ. ಮೌಖಿಕ ಪರೀಕ್ಷೆಯಲ್ಲಿ ಚೆನ್ನಾಗಿ ಗೊತ್ತಿದ್ದ ಪ್ರಶ್ನೆಗೇ ಮೇಜು ನೋಡುತ್ತ ಕೂತು ಎದ್ದು ಬಂದವಳು ನಾನು. ಬರೆಯುವುದಾದರೆ ಹೇಗೋ ಬರುತ್ತದೆ. ಅದಕ್ಕೇ ಈ ಪತ್ರ.

ಇಪ್ಪತ್ತೈದನೆಯ ತಾರೀಕಿನೊಳಗೆ ನೀವು ದೊಡ್ಡಪ್ಪನ ಆಫೀಸಿಗೆ ಹೋಗಿ ಕೆಲಸಕ್ಕೆ ಹಾಜರಾಗಬೇಕು, ಇಲ್ಲದಿದ್ದರೆ ನಿಮ್ಮ ನೇಮಕದ ಆದೇಶ ರದ್ದಾಗುತ್ತದೆ. ಇನ್ನು ಹದಿಮೂರು ದಿನ ಉಳಿದಿದೆ. ಸ್ಪೀಡ್ ಪೋಸ್ಟ್ ಮಾಡಿದರೆ ಇದು ನಾಲ್ಕು ದಿನಕ್ಕೆ ನಿಮ್ಮ ಕೈ ಸೇರುತ್ತದೆ. ಓದಿದಮೇಲೆ ಸೇರುವುದು, ಬಿಡುವುದು ನಿಮಗೆ ಬಿಟ್ಟದ್ದು. ಆದರೆ ಇದನ್ನು ತಿಳಿಯದೆ ನೀವು ಬಿಟ್ಟುಬಿಟ್ಟರೆ ಅದು ನನ್ನಿಂದ ಆದ ಅನ್ಯಾಯ.

ಜನವರಿ ಇಪ್ಪತ್ತೇಳರಂದು, ದೊಡ್ಡಪ್ಪನ ವರ್ಷಾಬ್ದಿಕದ ದಿನ, ಕಾಗೆ ಯಾಕೆ ಪಿಂಡ ಮುಟ್ಟಲಿಲ್ಲ ಎಂಬುದು ನನಗೆ ಗೊತ್ತು. ಅವತ್ತೇ, ಅಲ್ಲೇ ನಿಂತಿದ್ದಾಗಲೇ ಗೊತ್ತಾಗಿತ್ತು.

ಮೊದಲಿನಿಂದ ಹೇಳಿದರೇ ಸರಿ. ಅಕ್ಟೋಬರಿನಲ್ಲಿ ಒಂದು ಕಡೆ ಜಾಲರಿ ಹರಿದ ಹಳೇ ಜರಡಿಯನ್ನು ನಾನು ಹಿತ್ತಲಿನ ಸೀಬೆಮರಕ್ಕೆ ಮೂರು ದಾರ ಕಟ್ಟಿ ತೂಗುಹಾಕಿದ್ದು ನಿಮಗೆ ನೆನಪಿರಬಹುದು. ಅದರಲ್ಲಿ ದಿನಾ ಬೆಳಿಗ್ಗೆ ಒಂದು ಹಿಡಿ ಸಜ್ಜೆ, ನುಚ್ಚು, ಪಪ್ಪಾಯಿ ಇದ್ದ ದಿನ ಅದರ ಒಂದು ಹೋಳು ಇಡುತ್ತಿದ್ದೆ. ನೀವು, “ಮನುಷ್ಯರ ಹತ್ತಿರ ಎರಡು ಮಾತಾಡೋಕೆ ಆಗಲ್ಲ, ಹಕ್ಕಿಗಳಿಗೆ ಹೋಟ್ಲು ಇಟ್ಟಿದ್ದಾಳೆ” ಎಂದು ಅಮ್ಮನಿಗೆ ಫೋನಿನಲ್ಲಿ ಹೇಳಿದ್ದು ನನಗೆ ಕೇಳಿಸಿತ್ತು. ಬೇಜಾರಾಗಲಿಲ್ಲ. ಹೋಟೆಲು ನಿಜಕ್ಕೂ ಚೆನ್ನಾಗಿ ನಡೆಯುತ್ತಿತ್ತು. ಮೊದಲು ಗೊರವಂಕಗಳು ಬಂದವು, ನಿಂತಲ್ಲೇ ಜಗಳ ತೆಗೆದವು. ಆಮೇಲೆ ಬುಲ್‌ಬುಲ್ ಜೋಡಿ. ಹರಟೆಮಲ್ಲಗಳು ಏಳೇಳರ ಗುಂಪು ಕಟ್ಟಿಕೊಂಡು, ಯಾರದೋ ಮದುವೆಗೆ ಬಸ್ಸು ತಪ್ಪಿದವರ ಹಾಗೆ ಗದ್ದಲ ಮಾಡುತ್ತ ನೆಲದ ಮೇಲೇ ಓಡಾಡುತ್ತಿದ್ದವು. ಬೆಳ್ಗಣ್ಣಗಳು ಎಲೆಯಷ್ಟೇ ಹಸಿರು, ಎಲೆಯಷ್ಟೇ ಚಿಕ್ಕವು. ಕಣ್ಣಿನ ಸುತ್ತ ಬಿಳಿ ಉಂಗುರ ಇಲ್ಲದಿದ್ದರೆ ನನಗೆ ಕಾಣಿಸುತ್ತಲೇ ಇರಲಿಲ್ಲ.

ನವೆಂಬರಿನಲ್ಲಿ ಹೊಸದೊಂದು ಬಂತು. ಮೈ ಮಸಿಬಣ್ಣ, ಹೊಟ್ಟೆ ಇಟ್ಟಿಗೆ ಕೆಂಪು. ಗೋಡೆಯ ಮೇಲೆ ಕೂತು ಬಾಲವನ್ನು ಸದಾ ನಡುಗಿಸುತ್ತಿತ್ತು. ಮಹಡಿಯ ಈಶ್ವರಪ್ಪ ಮಾಮ ರೇಲಿಂಗಿನಿಂದ ಬಗ್ಗಿ ನೋಡಿ, “ಏನಮ್ಮ, ನಿನ್ನ ಗಿರಾಕಿಗೆ ಚಳಿಜ್ವರ ಬಂದಿದೆಯಲ್ಲ, ಒಂದು ಸ್ವೆಟರ್ ಹಾಕು!” ಎಂದರು. ತರಕಾರಿ ಗಾಡಿಯ ಭಯ್ಯಾ ಅದರ ಹೆಸರು ಹೇಳಿದ: ಥಿರ್‌ಥಿರಾ. ಬೆಟ್ಟದ ಕಡೆಯಿಂದ ಚಳಿಗಾಲಕ್ಕೆ ಮಾತ್ರ ಇಳಿದು ಬರುತ್ತದಂತೆ. ಅದು ಜರಡಿಗೆ ಬರುತ್ತಿರಲಿಲ್ಲ, ಕಾಳು ಅದಕ್ಕೆ ಬೇಡ. ಆದರೂ ಗದ್ದಲ ಇದ್ದ ಕಡೆಯಲ್ಲೇ ಸ್ವಲ್ಪ ದೂರ ಕೂತಿರುತ್ತಿತ್ತು. ಅದರ ಮೇಲೆ ನನಗೆ ವಿಶೇಷ ಪ್ರೀತಿ ಏಕೆಂದು ನೀವು ಊಹಿಸಬಲ್ಲಿರಿ.

ಕಾಗೆಗಳು ಶುರುವಾದದ್ದು ಆಗಲೇ. ನಾಲ್ಕು ಬರುತ್ತಿದ್ದವು. ಜರಡಿಯ ಅಂಚಿಗೆ ಒಂದು ಕೂತು ಓಲಾಡಿಸಿ ಎಲ್ಲ ಚೆಲ್ಲಿಸುವುದು, ಉಳಿದವು ಕೆಳಗೆ ತಿನ್ನುವುದು. ಚಿಕ್ಕವು ಹತ್ತಿರ ಬರದಾದವು. ಒಂದು ದಿನ ಒಂದು ಕಾಗೆ ಗುಬ್ಬಿಯೊಂದರ ರೆಕ್ಕೆ ಕಚ್ಚಿ ಎಳೆದುಬಿಟ್ಟಿತು. ನಾನು ಓಡಿಹೋಗುವಷ್ಟರಲ್ಲಿ ಬಿಟ್ಟು ಹಾರಿತು, ಗುಬ್ಬಿ ಬದುಕಿತು. ಭಯ್ಯಾನಿಗೆ ಹೇಳಿದಾಗ ಅವನು ಆಲೂಗಡ್ಡೆ ತೂಗುತ್ತ, “ಮರಾ ಹುವಾ ಕೌವ್ವಾ ಟಾಂಗ್ ದೋ ದೀದಿ, ಏಕ್ ಭೀ ನಹೀಂ ಆಯೇಗಾ” ಎಂದ. ಸತ್ತ ಕಾಗೆಯನ್ನು ತೂಗುಹಾಕಿದರೆ ಉಳಿದವು ಆ ಕಡೆ ತಲೆ ಹಾಕುವುದಿಲ್ಲವಂತೆ. ಸತ್ತ ಕಾಗೆಯನ್ನು ನಾನೆಲ್ಲಿ ತರಲಿ?

ಇಲ್ಲಿಂದ ಮುಂದೆ ಬರೆಯುವುದು ಕಷ್ಟ. ಪೆನ್ನು ಕೆಳಗಿಟ್ಟು ಕಾಫಿ ಮಾಡಿಕೊಂಡು ಬಂದೆ.

ನವೆಂಬರಿನಲ್ಲೇ ನೀವು ಟ್ರಂಕು ತೆಗೆದು ದೊಡ್ಡಪ್ಪನ ಎರಡು ಜೊತೆ ಕರಿ ಉಣ್ಣೆ ಕಾಲುಚೀಲ ನನಗೆ ಕೊಟ್ಟಿದ್ದಿರಿ. “ಹಾಕ್ಕೊ, ಸುಮ್ನೆ ನುಸಿ ತಿನ್ನೋ ಬದಲು” ಎಂದಿರಿ. ಅವುಗಳಲ್ಲಿ ಒಂದರ ಹೆಬ್ಬೆರಳ ಹತ್ತಿರ ತೂತಾಗಿತ್ತು. ಅದನ್ನೇ ತೆಗೆದುಕೊಂಡೆ. ಹಳೇ ಪೇಪರು ತುರುಕಿ, ಕತ್ತಿಗೆ ದಾರ ಬಿಗಿದು, ಮಾರ್ಕೆಟ್ಟಿನ ಬೇವಿನಮರದ ಕೆಳಗೆ ಬಿದ್ದಿದ್ದ ಎರಡು ಕಾಗೆಗರಿ ಸಿಕ್ಕಿಸಿ, ತಲೆಕೆಳಗಾಗಿ ಜರಡಿಯ ಮೇಲಿನ ಕೊಂಬೆಗೆ ಕಟ್ಟಿದೆ. ಮಧ್ಯಾಹ್ನ ಹತ್ತು ಹನ್ನೆರಡು ಕಾಗೆಗಳು ಎಲ್ಲಿಂದಲೋ ಬಂದು ಅದರ ಸುತ್ತ ಅರ್ಧ ಗಂಟೆ ಕೂಗಾಡಿದವು. ನೀವು ಒಳಗಿನಿಂದ, “ಏನು ಕಾಗೆ ಹೀಗೆ ಕೂಗ್ತಿವೆ, ನೆಂಟರು ಬರ್ತಾರೇನೋ, ಇನ್ನೊಂದು ಪಾವು ಅಕ್ಕಿ ಹಾಕ್ತೀನಿ” ಎಂದಿರಿ. ಅವತ್ತು ನೆಂಟರು ಬರಲಿಲ್ಲ. ಮಾರನೆಯ ದಿನದಿಂದ ಕಾಗೆಗಳೂ ಬರಲಿಲ್ಲ. ಡಿಸೆಂಬರ್ ಪೂರ್ತಿ ಒಂದೂ ಇಲ್ಲ. ಹಕ್ಕಿಗಳನ್ನು ಬರೆದಿಡುವ ನನ್ನ ಪುಸ್ತಕದಲ್ಲಿ ದಿನಾ ‘ಕಾಗೆ: ಇಲ್ಲ’ ಎಂದು ಬರೆದು ಒಳಗೊಳಗೇ ಹೆಮ್ಮೆಪಡುತ್ತಿದ್ದೆ.

ನೀವು ಅದನ್ನು ನೋಡಲಿಲ್ಲ. ಊಟದ ಮೇಜಿನ ಮುಂದಿನ ಕಿಟಕಿಯಿಂದ ಜರಡಿ ಕಾಣುತ್ತದೆ, ಆ ಕೊಂಬೆ ಕಾಣುವುದಿಲ್ಲ. ಅಲ್ಲದೆ ನೀವು ಹೊರಗೆ ನೋಡುತ್ತಿದ್ದುದೇ ಕಮ್ಮಿ. ನಾನು ಕಾಗದದ ಮೇಲೆ ಬರೆದುಕೊಟ್ಟ ಕೀಬೋರ್ಡನ್ನು ಚಪಾತಿ ಮಣೆಯ ಹಿಂಬದಿಗೆ ಅಂಟಿಸಿಕೊಂಡು, ಬೆರಳು ಆಡಿಸುತ್ತ, ತುಟಿಯಲ್ಲಿ ‘ಎ ಎಸ್ ಡಿ ಎಫ್’ ಎನ್ನುತ್ತ ಕೂತಿರುತ್ತಿದ್ದಿರಿ. “ಕೋಡುಬಳೆ ಹೊಸೆದ ನಲವತ್ತೊಂಬತ್ತು ವರ್ಷದ ಬೆರಳು ಕಣೆ, ಒಂದೇ ಅಕ್ಷರದ ಮೇಲೆ ನಿಲ್ಲಲ್ಲ” ಎಂದು ನಗುತ್ತಿದ್ದಿರಿ. ದೊಡ್ಡಪ್ಪ ನೌಕರಿಯಲ್ಲಿದ್ದಾಗಲೇ ಹೋದದ್ದರಿಂದ ಅನುಕಂಪದ ಮೇಲೆ ನಿಮಗೆ ಗುಮಾಸ್ತೆ ಕೆಲಸ ಕೊಡುತ್ತಾರೆ ಎಂದು ಗೊತ್ತಾದ ದಿನ ನೀವು ಹೆದರಿಕೊಂಡಿದ್ದಿರಿ. ಜನವರಿ ಹೊತ್ತಿಗೆ ಹೆದರಿಕೆ ಎಲ್ಲೋ ಹೋಗಿತ್ತು. ಒಂದು ಭಾನುವಾರ ನಾವಿಬ್ಬರೇ ಬಸ್ಸು ಹತ್ತಿ ಆಫೀಸಿನ ದಾರಿ ನೋಡಿಕೊಂಡು ಬಂದೆವಲ್ಲ, ಮುಚ್ಚಿದ ಗೇಟಿನ ಮುಂದೆ ನೀವು ಬಹಳ ಹೊತ್ತು ನಿಂತಿರಿ. “ಇಪ್ಪತ್ತಾರು ವರ್ಷ ಇದರೊಳಗಿಂದ ಹೋಗ್ತಿದ್ರು. ನಾನು ಈಗ ನೋಡ್ತಿದ್ದೀನಿ” ಎಂದಿರಿ. ಕಾವಲಿನವನು ಏನು ಬೇಕೆಂದು ಕೇಳಿದಾಗ, “ಕುಛ್ ನಹೀಂ ಭಯ್ಯಾ, ಅಗ್ಲೇ ಮಹೀನೇ ಸೇ ಆನಾ ಹೈ” ಎಂದು, ಮುಂದಿನ ತಿಂಗಳಿಂದ ಬರುವುದಿದೆ ಎಂಬುದನ್ನು ನಿಮ್ಮ ತುಮಕೂರು ಹಿಂದಿಯಲ್ಲಿ ಹೇಳಿದಿರಿ. ಅವನು ಸಲಾಮು ಹೊಡೆದ. ಬಸ್ಸಿನಲ್ಲಿ ವಾಪಸು ಬರುವಾಗ ನೀವು ಕಿಟಕಿಯ ಕಡೆ ತಿರುಗಿ ನಗುತ್ತಿದ್ದುದನ್ನು ನಾನು ನೋಡಿದೆ.

ಇಪ್ಪತ್ನಾಲ್ಕಕ್ಕೆ ನಿಮ್ಮ ಮೈದುನ ನಾರಾಯಣಸ್ವಾಮಿ ಚಿಕ್ಕಪ್ಪ ಅಣ್ಣನ ಕರ್ಮ ಮಾಡಲು ತುಮಕೂರಿನಿಂದ ಬಂದರು. ಅವರು ಕೆಟ್ಟವರೆಂದು ನಾನು ಹೇಳುವುದಿಲ್ಲ. ಎರಡು ದಿನ ರೈಲಿನಲ್ಲಿ ಕೂತು, ನಿಮಗೆ ಕೊಬ್ಬರಿ, ಹುರಿಹಿಟ್ಟು ಹೊತ್ತು ತಂದವರು. ಆದರೆ ಬಂದ ಸಂಜೆಯೇ ಮಂಕಿ ಟೋಪಿ ಕೂಡ ತೆಗೆಯದೆ ಶುರುಮಾಡಿದರು: “ನಮ್ಮ ಅತ್ತಿಗೆ ಆಫೀಸಲ್ಲಿ ಫೈಲು ಹೊತ್ಕೊಂಡು ಓಡಾಡೋದನ್ನ ನಾನು ನೋಡಬೇಕಾ? ಮನೆ ಖಾಲಿ ಮಾಡಿ, ನಮ್ಮ ಜೊತೆ ಬಂದು ಇರಿ.” ನೀವು, “ಫೈಲು ಹೊರೋನು ಪ್ಯೂನು ಕಣಪ್ಪ. ನಾನು ಟೈಪ್ ಮಾಡೋಳು” ಎಂದಿರಿ. ಅಡುಗೆಮನೆಯಲ್ಲಿದ್ದ ನನಗೆ ನಗು ತಡೆಯಲಾಗಲಿಲ್ಲ.

ಅದು ಅವರಿಗೆ ಕೇಳಿಸಿರಬೇಕು. ಆಮೇಲೆ ನೀವು ಈಶ್ವರಪ್ಪ ಮಾಮನ ಮನೆಗೆ ದೊಡ್ಡ ಪಾತ್ರೆ ತರಲು ಹೋದಾಗ ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಇದನ್ನು ನಿಮಗೆ ನಾನು ಹೇಳಿಲ್ಲ. “ನಿನಗೆ ಡೆಲ್ಲಿ ಬೇಕು. ಅತ್ತಿಗೆ ಕ್ವಾರ್ಟರ್ಸ್ ಬಿಟ್ಟರೆ ನಿನ್ನ ಮಂಚ ಎಲ್ಲಿ ಹಾಕ್ತೀಯ? ಅದಕ್ಕೇ ಅವರ ತಲೆಗೆ ಇದನ್ನೆಲ್ಲ ತುಂಬಿದ್ದೀಯ. ನಿಮ್ಮಮ್ಮನಿಗೆ ನಾನೇ ಹೇಳ್ತೀನಿ, ಬಿಡು” ಎಂದರು. ದನಿ ಎತ್ತರಿಸಲೂ ಇಲ್ಲ. ನಾನು ಹುರುಳಿಕಾಯಿ ನಾರು ತೆಗೆಯುತ್ತ ನಿಂತೆ. ಯಾಕೆಂದರೆ ಅದರಲ್ಲಿ ಅರ್ಧ ನಿಜ. ಜುಲೈಯಲ್ಲಿ ನನಗೆ ಇಲ್ಲೇ ಎಂ.ಫಿಲ್‌ಗೆ ಸೇರಬೇಕು. ನೀವು ಕೆಲಸಕ್ಕೆ ಸೇರಿದರೆ ಈ ಮನೆ ಉಳಿಯುತ್ತದೆ, ನಾನೂ ಉಳಿಯುತ್ತೇನೆ. ನೀವು ಹೋದರೆ ಅಮ್ಮ ನನ್ನನ್ನು ಕರೆಸಿಕೊಂಡು ದಾವಣಗೆರೆಯ ಆ ಹುಡುಗನಿಗೆ ತೋರಿಸುತ್ತಾರೆ. ಇದನ್ನು ನಾನು ಲೆಕ್ಕ ಹಾಕಿಯೇ ಇರಲಿಲ್ಲ ಎಂದರೆ ಸುಳ್ಳಾಗುತ್ತದೆ.

ಇನ್ನು ಆ ದಿನ. ಬೆಳಿಗ್ಗೆ ಶಾಸ್ತ್ರಿಗಳು ಬಂದ ಕೂಡಲೇ ಹಿತ್ತಲು ನೋಡಿ, “ಆ ಜರಡಿ ತೆಗೀರಿ, ಎಂಜಲು ಕಾಳು ಇರಬಾರದು” ಎಂದರು. ನಾನೇ ತೆಗೆದು ಬಚ್ಚಲಿಗಿಟ್ಟೆ. ಆಗಲೂ ಕಾಲುಚೀಲ ನೆನಪಾಗಲಿಲ್ಲ. ಎರಡು ತಿಂಗಳಲ್ಲಿ ಅದು ನನ್ನ ಕಣ್ಣಿಗೆ ಸೀಬೆಮರದ್ದೇ ಒಂದು ಎಲೆಯಾಗಿಹೋಗಿತ್ತು.

ಹನ್ನೆರಡೂವರೆಗೆ ಬಾಳೆಲೆಯಲ್ಲಿ ಪಿಂಡ ತಂದು ಹಿತ್ತಲ ಗೋಡೆಯ ಮೇಲೆ ಇಟ್ಟಿರಿ. ಮರಕ್ಕೂ ಅದಕ್ಕೂ ನಾಲ್ಕು ಮಾರು. ಚಿಕ್ಕಪ್ಪ ಮರದ ಕೆಳಗೆ ಒದ್ದೆ ಪಂಚೆಯಲ್ಲಿ ನಡುಗುತ್ತ “ಕಾ ಕಾ” ಎಂದು ಕರೆದರು. ಈಶ್ವರಪ್ಪ ಮಾಮನೂ ಮೇಲಿನಿಂದ ಕರೆದರು. ಎರಡು ಕಟ್ಟಡದಾಚೆ ನೀರಿನ ಟ್ಯಾಂಕಿನ ಮೇಲೆ ಮೂರು ಕಾಗೆ ಕೂತಿದ್ದವು. ಒಂದು ಎದ್ದಿತು. ನೇರ ನಮ್ಮ ಕಡೆಗೇ ಬಂತು. “ಬಂತು, ಬಂತು” ಎಂದು ನೀವು ನನ್ನ ತೋಳು ಹಿಡಿದುಕೊಂಡಿರಿ. ಗೋಡೆಯ ಹತ್ತಿರ ಬಂದದ್ದು ಗಾಳಿಯಲ್ಲೇ ಪಕ್ಕಕ್ಕೆ ಹೊರಳಿ, ಕಿರುಚಿ, ಬಂದ ದಾರಿಯಲ್ಲೇ ಹೋಯಿತು. ನೀವೆಲ್ಲ ಕಾಗೆಯನ್ನು ನೋಡುತ್ತಿದ್ದಿರಿ. ಕಾಗೆ ಏನನ್ನು ನೋಡಿತು ಎಂದು ನಾನು ನೋಡಿದೆ. ಚಿಕ್ಕಪ್ಪನ ತಲೆಯ ಮೇಲೆ ಒಂದೂವರೆ ಅಡಿ ಎತ್ತರದಲ್ಲಿ ಅದು ಗಾಳಿಗೆ ತಿರುಗುತ್ತಿತ್ತು.

ನಾಲ್ಕು ಹೆಜ್ಜೆ ಇಟ್ಟು ಕೈ ಚಾಚಿ ಎಳೆದಿದ್ದರೆ ಮುಗಿಯುತ್ತಿತ್ತು, ದೊಡ್ಡಮ್ಮ. ನಾನು ಎಳೆಯಲಿಲ್ಲ. ಎಲ್ಲರೂ ನನ್ನನ್ನು ನೋಡುತ್ತಾರೆ. ಇದೇನು ಎಂದು ಕೇಳುತ್ತಾರೆ. ತಿಥಿಯ ದಿನ ಸತ್ತವರ ಕಾಲುಚೀಲವನ್ನು ಮರದಿಂದ ಬಿಚ್ಚುತ್ತ ಏನೆಂದು ಹೇಳಲಿ? ಮೂರು ದಿನದ ಹಿಂದೆ ನನಗೆ ಅಷ್ಟು ಮಾತು ಹೇಳಿದ ಚಿಕ್ಕಪ್ಪನೇ ಅದರ ಕೆಳಗೆ ನಿಂತಿದ್ದಾರೆ. ಈಗ ಹೇಳುತ್ತೇನೆ, ಇನ್ನೊಂದು ನಿಮಿಷಕ್ಕೆ ಹೇಳುತ್ತೇನೆ ಎಂದುಕೊಳ್ಳುತ್ತಲೇ ಒಂದು ಗಂಟೆ ಕಳೆಯಿತು.

ಶಾಸ್ತ್ರಿಗಳು, “ಏನಾದರೂ ಮನಸ್ಸಲ್ಲಿ ಇಟ್ಟುಕೊಂಡು ಹೋಗಿರ್ತಾರೆ. ನಡೆಸಿಕೊಡ್ತೀವಿ ಅಂತ ಒಪ್ಪಿಕೊಳ್ಳಿ” ಎಂದರು. ಚಿಕ್ಕಪ್ಪ ಗಯೆಗೆ ಹೋಗಿ ಬರುತ್ತೇನೆ ಎಂದರು, ಕಾಗೆ ಬರಲಿಲ್ಲ. ದೊಡ್ಡಪ್ಪನಿಗೆ ಇಷ್ಟವೆಂದು ಪಿಂಡದ ಪಕ್ಕ ಒಂದು ವಡೆ ಇಟ್ಟಿರಿ, ಬರಲಿಲ್ಲ. ಆಗ ಚಿಕ್ಕಪ್ಪ, “ಅತ್ತಿಗೆ, ಅಣ್ಣನಿಗೆ ಯಾವುದು ಒಪ್ಪಿಗೆ ಇಲ್ಲ ಅಂತ ನಿಮಗೇ ಗೊತ್ತು” ಎಂದರು. ನೀವು ಗೋಡೆಯ ಕಡೆ ಕೈಮುಗಿದು, ಊಟಕ್ಕೆ ಕರೆಯುವಾಗಿನ ದನಿಯಲ್ಲೇ, “ಆಯ್ತು. ಕೆಲಸಕ್ಕೆ ಸೇರಲ್ಲ. ಬನ್ನೀಂದ್ರೆ” ಎಂದಿರಿ.

ಆಗಲೂ ನಾನು ಸುಮ್ಮನಿದ್ದೆ.

ಕಾಗೆ ಬರಲಿಲ್ಲ. ಹಸುವಿಗಾದರೂ ಕೊಡಿ ಎಂದು ಶಾಸ್ತ್ರಿಗಳು ಹೇಳಿದಾಗ ಮೂರು ಗಂಟೆ. ಈಶ್ವರಪ್ಪ ಮಾಮ ಮಾರ್ಕೆಟ್ಟೆಲ್ಲ ಹುಡುಕಿ ಬಂದು, “ದಿನಾ ಬಾಗಿಲಿಗೆ ಅಡ್ಡ ನಿಲ್ಲೋ ಹಸು, ಇವತ್ತು ಟ್ರಾನ್ಸ್‌ಫರ್ ಆಗಿದೆ ನೋಡಿ” ಎಂದರು. ಯಾರೂ ನಗಲಿಲ್ಲ. ಕೊನೆಗೆ ಸಿಕ್ಕಿತು. ನೀವು ಎಲೆಯ ಮುಂದೆ ಕೂತಿರಿ, ಊಟ ಮಾಡಲಿಲ್ಲ. ಸಂಜೆ ಚಪಾತಿ ಮಣೆಯಿಂದ ಕಾಗದದ ಕೀಬೋರ್ಡನ್ನು ಉಗುರಿನಲ್ಲಿ ಕಿತ್ತಿರಿ. ಹರಿದು ಬಿಸಾಡುತ್ತೀರಿ ಎಂದುಕೊಂಡೆ. ಮಡಿಸಿ ಟ್ರಂಕಿನೊಳಗೆ ಇಟ್ಟಿರಿ.

ಮೂವತ್ತನೆಯ ತಾರೀಕು ನೀವು ಚಿಕ್ಕಪ್ಪನ ಜೊತೆ ಹೊರಡುವವರೆಗೆ ನಾನು ನಾಲ್ಕು ಸಲ ನಿಮ್ಮ ಹತ್ತಿರ ಬಂದೆ. ನಾಲ್ಕನೆಯ ಸಲ ರೈಲಿನ ಕಿಟಕಿಯ ಹೊರಗೆ ನಿಂತಿದ್ದೆ. ನೀವು, “ಏನೋ ಹೇಳೋಕೆ ಬಂದ್ಯಲ್ಲ?” ಎಂದಿರಿ. ನಾನು ಬಾಟಲಿ ಕೊಟ್ಟು “ನೀರು” ಎಂದೆ.

ಮಾರನೆಯ ಬೆಳಿಗ್ಗೆಯೇ ಕಾಲುಚೀಲ ಬಿಚ್ಚಿದೆ. ಕಾಗೆಗಳು ಕೂಡಲೇ ನಂಬಲಿಲ್ಲ. ನಾಲ್ಕು ದಿನ ಟ್ಯಾಂಕಿನ ಮೇಲೇ ಕೂತಿದ್ದವು. ಐದರಂದು ಒಂದು ಬೇವಿನಮರದವರೆಗೆ ಬಂತು, ಒಂಬತ್ತರಂದು ನಮ್ಮ ಗೋಡೆಯವರೆಗೆ. ಇವತ್ತು ಬೆಳಿಗ್ಗೆ ಎಂಟೂ ಹತ್ತಕ್ಕೆ, ಅವತ್ತು ಪಿಂಡ ಇಟ್ಟಿದ್ದ ಜಾಗದಲ್ಲೇ ಒಂದು ಹಿಡಿ ಅನ್ನ ಇಟ್ಟು ಒಳಗೆ ಬಂದು ಕಿಟಕಿಯಿಂದ ನೋಡಿದೆ. ಆರೇ ನಿಮಿಷ. ಒಂದು ಇಳಿಯಿತು, ಮರದ ಕಡೆ ಒಮ್ಮೆ ಕತ್ತು ಓರೆಮಾಡಿ ನೋಡಿತು, ತಿಂದಿತು. ಹಿಂದೆಯೇ ಇನ್ನೆರಡು ಬಂದವು. ಚಿಕ್ಕ ಹಕ್ಕಿಗಳಿಗೆ ಇನ್ನು ಮೇಲೆ ಸ್ವಲ್ಪ ಕಷ್ಟವಾಗುತ್ತದೆ. ಆಗಲಿ, ಮುಳ್ಳಿನ ಪೊದೆಯ ಒಳಗಡೆ ಅವಕ್ಕೆ ಬೇರೆ ತಟ್ಟೆ ಇಟ್ಟಿದ್ದೇನೆ.

ಇವತ್ತು ಕಾಗೆ ಬಂದದ್ದರಿಂದ ದೊಡ್ಡಪ್ಪ ಒಪ್ಪಿದರು ಎಂದು ನಾನು ಹೇಳುತ್ತಿಲ್ಲ. ನಾನಿಟ್ಟದ್ದು ಬರೀ ಅನ್ನ, ಎಳ್ಳಿಲ್ಲ, ಮಂತ್ರವಿಲ್ಲ. ಅವತ್ತು ಬಾರದೆ ಇದ್ದದ್ದರಿಂದ ಅವರು ಒಪ್ಪಲಿಲ್ಲ ಎಂದೂ ಆಗುವುದಿಲ್ಲ ಎಂದಷ್ಟೇ ಹೇಳುತ್ತಿದ್ದೇನೆ. ಯೋಚನೆ ಮಾಡಿ, ‘ಸೇರಲ್ಲ’ ಎಂದು ನೀವು ಹೇಳಿದಮೇಲೂ ಅದು ಬರಲಿಲ್ಲವಲ್ಲ.

ಎರಡನೆಯ ಸಲ ಫೋನ್ ಮಾಡಿದಾಗ ನೀವು, “ಮಾತು ಕೊಟ್ಟಾಯ್ತು ಧಾರಿಣಿ, ಇನ್ನು ಆ ವಿಷಯ ಬೇಡ” ಎಂದಿರಿ. ಅದೇ ನನ್ನನ್ನು ಕೊರೆಯುತ್ತಿತ್ತು. ಅದಕ್ಕೆ ಭಾನುವಾರ ಶಾಸ್ತ್ರಿಗಳ ಮನೆಗೆ ಹೋದೆ. ಒಬ್ಬಳೇ. ಅವರ ಬೀದಿಯನ್ನು ಮೂರು ಸಲ ದಾಟಿಹೋಗಿ, ನಾಲ್ಕನೆಯ ಸಲ ಬೆಲ್ ಒತ್ತಿದೆ. ಎಲ್ಲ ಹೇಳಿದೆ. ಅವರು ಮೊದಲು ಚೆನ್ನಾಗಿ ಬೈದರು: “ಕಾಲುಚೀಲವಾ? ಶ್ರಾದ್ಧದ ಮನೇಲಿ? ನಾನು ಹಸಿದುಕೊಂಡು ಮೂರು ಗಂಟೆ ತನಕ ನಿಂತಿದ್ದೆನಲ್ಲೇ ಹುಡುಗಿ!” ಅವರ ಹೆಂಡತಿ ಒಳಗೆ ಬಾಯಿಗೆ ಸೆರಗು ಇಟ್ಟುಕೊಂಡು ನಗುತ್ತಿದ್ದರು. ಆಮೇಲೆ ನಾನು ಕೇಳಬೇಕೆಂದು ಬಂದದ್ದನ್ನು ಕೇಳಿದೆ. ಕೊಟ್ಟ ಮಾತು ಏನಾಗುತ್ತದೆ? ಅವರು ನಶ್ಯದ ಡಬ್ಬಿ ಮುಚ್ಚಿ ಹೇಳಿದರು: “ಕಾಗೆ ಮುಟ್ಟಿದರೆ ತಾನೆ ಆ ಕಡೆಯವರು ಮಾತು ತಗೊಂಡ ಹಾಗೆ? ಮುಟ್ಟಲಿಲ್ಲ. ತಗೊಳ್ಳದೆ ಇದ್ದದ್ದು ಕೊಟ್ಟವರ ಹತ್ತಿರವೇ ಉಳೀತು. ನಿಮ್ಮ ದೊಡ್ಡಮ್ಮನಿಗೆ ಹಾಗಂತ ಹೇಳು. ನನ್ನ ಹೆಸರು ಹೇಳಿಯೇ ಹೇಳು.” ಅಪವಿತ್ರವಾದದ್ದಕ್ಕೆ ಏನು ಮಾಡಬೇಕೋ ಅದನ್ನು ಮುಂದಿನ ಅಮಾವಾಸ್ಯೆಯ ತರ್ಪಣದಲ್ಲಿ ಸೇರಿಸಿಕೊಂಡರೆ ಸಾಕಂತೆ, ಅದಕ್ಕೆ ನೀವು ಏನೂ ಬಿಡಬೇಕಾಗಿಲ್ಲವಂತೆ.

ನನ್ನ ಮೇಲೆ ನಿಮಗೆ ಕೋಪ ಬರಬೇಕು. ಕಾಲುಚೀಲ ಕಟ್ಟಿದ್ದಕ್ಕಲ್ಲ, ಅದು ಗುಬ್ಬಿಗಾಗಿ ಮಾಡಿದ್ದು, ಅದಕ್ಕೆ ನೀವು ನಕ್ಕುಬಿಡುತ್ತೀರಿ ಎಂದು ನನಗೆ ಗೊತ್ತು. ನೀವು ಕೈಮುಗಿದು ನಿಂತಿದ್ದಾಗ ಬಾಯಿ ಬಿಡದೆ ಇದ್ದದ್ದಕ್ಕೆ. ದೊಡ್ಡಪ್ಪ ಹೋದಮೇಲೆ ನಿಮಗೆಂದು ನೀವು ಬಯಸಿದ್ದು ಆ ಒಂದನ್ನೇ. ಅದನ್ನು ಬಿಟ್ಟುಕೊಡುವುದನ್ನು ನಾನು ಮೂರು ಅಡಿ ದೂರದಲ್ಲಿ ನಿಂತು ನೋಡಿದೆ.

ಆದೇಶದ ಕಾಗದ ಅಲಮಾರಿನ ಎರಡನೆಯ ಖಾನೆಯಲ್ಲಿ, ನೀಲಿ ಫೈಲಿನಲ್ಲೇ ಇದೆ. ಅಂಚೆಕಚೇರಿ ಐದಕ್ಕೆ ಮುಚ್ಚುತ್ತದೆ, ಈಗ ಎರಡೂಕಾಲು. ಇನ್ನು ಒಂದು ಕೆಲಸ ಮುಗಿಸಿ ಇದನ್ನು ಹಾಕುತ್ತೇನೆ.

ತುಮಕೂರಿನಲ್ಲಿ ಎಲ್ಲರಿಗೂ ನನ್ನ ನಮಸ್ಕಾರ ತಿಳಿಸಿ.

ನಿಮ್ಮ ಮಗಳಂಥವಳು,
ಧಾರಿಣಿ

ಮರೆತದ್ದು: ಮರೆತದ್ದೇನಲ್ಲ, ಮೇಲೆ ಬರೆಯಲು ಧೈರ್ಯ ಸಾಲಲಿಲ್ಲ. ಈ ನಾಲ್ಕು ಸಾಲನ್ನು ಮುಖರ್ಜಿ ನಗರದಿಂದ ಬರೆಯುತ್ತಿದ್ದೇನೆ, ಇಲ್ಲಿನ ಅಂಚೆಕಚೇರಿಯ ಬೆಂಚಿನ ಮೇಲೆ ಕೂತು. ನನ್ನ ಜೊತೆ ಎಂ.ಎ. ಓದಿದ ನಿಹಾರಿಕಾ ಐ.ಎ.ಎಸ್. ಪರೀಕ್ಷೆಗೆ ಓದುತ್ತ ಇಲ್ಲೇ ಇದ್ದಾಳೆ. ಅವಳ ರೂಮಿನಲ್ಲಿ ಇನ್ನೊಂದು ಮಂಚ ಖಾಲಿ ಇತ್ತು. ಅರ್ಧ ಗಂಟೆಯ ಹಿಂದೆ ನನ್ನ ಪೆಟ್ಟಿಗೆಯನ್ನು ಅದರ ಕೆಳಗೆ ತಳ್ಳಿ ಬಂದೆ. ಬೀಗದಕೈ ಈಶ್ವರಪ್ಪ ಮಾಮನ ಹತ್ತಿರ ಇದೆ. ಪರೀಕ್ಷೆಗೆ ಕನ್ನಡ ಸಾಹಿತ್ಯ ತೆಗೆದುಕೊಂಡ ಮೂವರಿಗೆ ನಾಳೆ ಬೆಳಿಗ್ಗೆ ಎಂಟರಿಂದ ನಾನು ಪಾಠ ಹೇಳಬೇಕು. ಒಂದು ಗಂಟೆ ಬಿಡದೆ ಮಾತಾಡಬೇಕಂತೆ. ಅಮ್ಮನಿಗೂ ಬೆಳಿಗ್ಗೆಯೇ ಫೋನ್ ಮಾಡಿ ಹೇಳಿದ್ದೇನೆ, ಬೈದರು. ನೀವು ಆ ಮನೆಯನ್ನು ಉಳಿಸಿಕೊಂಡರೂ ನಾನು ವಾಪಸು ಬಂದು ಇರುವುದಿಲ್ಲ, ಭಾನುವಾರ ಊಟಕ್ಕೆ ಬರುತ್ತೇನೆ. ಇದು ಬೇಸರದಿಂದ ಮಾಡಿದ್ದಲ್ಲ. ಈ ಪತ್ರದಿಂದ ನನಗೆ ಏನೋ ಸಿಗುತ್ತದೆ ಎಂದು ಯಾರಿಗೂ ಅನ್ನಿಸಬಾರದು, ನನಗೂ ಕೂಡ. ನಾರಾಯಣಸ್ವಾಮಿ ಚಿಕ್ಕಪ್ಪ ಮನೆಯಲ್ಲಿದ್ದಾಗ, ಮೊದಲಿನಿಂದ ಕೊನೆಯವರೆಗೆ ಒಂದು ಸಾಲೂ ಬಿಡದೆ, ಇದನ್ನು ಅವರ ಎದುರಿಗೇ ಗಟ್ಟಿಯಾಗಿ ಓದಿ.